ಹೊಗೆಗೂಡಿನೊಳಗಿನ ತೊಲೆ

ಮಂಡಿನೋವು ಎಂಬ ನೆಪ ಹೇಳಿ ನಿಕೋದೆಮಾಸ್ ಮೂರು ವರ್ಷದಿಂದ ಯಾರ ಮನೆಯ ಒಲೆಯನ್ನೂ ಮುಟ್ಟಿರಲಿಲ್ಲ. ನೆಪವೇನೂ ಪೂರ್ತಿ ಸುಳ್ಳಲ್ಲ, ಎಪ್ಪತ್ತೊಂದು ವರ್ಷ ನೆಲಕ್ಕೂರಿದ ಮಂಡಿ ನೋಯದೆ ಇನ್ನೇನು ಮಾಡೀತು. ಆದರೆ ಆಗಸ್ಟಿನ ಒಂದು ಬೆಳಿಗ್ಗೆ ಒತಿಲಿಯಾ ಬೇಲಿಯಾಚೆ ಬಂದು ನಿಂತು, "ಮೇಸ್ತ್ರಿ, ನಮ್ಮನೆ ಒಲೆ ಮತ್ತೆ ಕಟ್ಕೊಡಬೇಕಿತ್ತು" ಎಂದಾಗ ಅವನ ಬಾಯಿಂದ ಮಂಡಿಯ ಮಾತು ಸಲೀಸಾಗಿ ಬರಲಿಲ್ಲ.

"ನನ್ನ ಕೈಲಾಗಲ್ಲ ತಾಯಿ. ಬಗ್ಗಿದ್ರೆ ಏಳಕ್ಕಾಗಲ್ಲ."

"ಹಾಗಂತ ನಾನೂ ಅಂದ್ಕೊಂಡಿದ್ದೆ. ಅಲೀತುಸ್ ಪಟ್ಟಣದಲ್ಲಿ ಒಬ್ರನ್ನ ವಿಚಾರಿಸಿದೀನಿ. ಒಳ್ಳೆ ಕೆಲಸಗಾರರಂತೆ. ಹಳೇ ಹೊಗೆಗೂಡನ್ನ ಮೇಲಿಂದ ಕೆಳಗಿನ ತನಕ ಬಿಚ್ಚಿ ನೋಡ್ಬೇಕು, ಆಮೇಲೆ ಮಿಕ್ಕಿದ್ದು ಅಂದ್ರು."

ನಿಕೋದೆಮಾಸ್ ಬೇಲಿಯ ಗೂಟವನ್ನು ಗಟ್ಟಿಯಾಗಿ ಹಿಡಿದುಕೊಂಡ. "ಅವರನ್ನೆಲ್ಲ ಯಾಕೆ ಕರೆಸ್ತೀಯ? ನಾನು ಕಟ್ಟಿದ್ದು, ನಾನೇ ಬಿಚ್ತೀನಿ. ಸೋಮವಾರ ಬರ್ತೀನಿ."

ಒತಿಲಿಯಾಳ ಕಣ್ಣು ತುಂಬಿ ಬಂತು. ಇದನ್ನು ಅವಳು ದೊಡ್ಡತನ ಎಂದುಕೊಂಡಳು. ಪಾಪ, ಅವಳಿಗೇನು ಗೊತ್ತು. ಆ ಹೊಗೆಗೂಡನ್ನು ಇನ್ನೊಬ್ಬ ಮೇಸ್ತ್ರಿ ಬಿಚ್ಚಿದರೆ ಅಲ್ಲಿ ಏನು ಸಿಗುತ್ತದೆ ಎಂಬುದು ಭೂಮಿಯ ಮೇಲೆ ಒಬ್ಬನಿಗೆ ಮಾತ್ರ ಗೊತ್ತಿತ್ತು, ಆ ಒಬ್ಬ ಅದಕ್ಕೇ ಒಪ್ಪಿಕೊಂಡಿದ್ದ.

ಇಡೀ ದಕ್ಷಿಣ ಲಿಥುವೇನಿಯಾದಲ್ಲಿ ಅವನಂಥ ಒಲೆ ಮೇಸ್ತ್ರಿ ಇಲ್ಲ ಎಂದು ಪಾದ್ರಿಯೇ ಹೇಳುತ್ತಿದ್ದ ಕಾಲವೊಂದಿತ್ತು. ನಮ್ಮ ಕಡೆ ಒಲೆಯೆಂದರೆ ಅಡುಗೆಗೆ ಮಾತ್ರವಲ್ಲ. ಚಳಿಗಾಲ ಆರು ತಿಂಗಳು ಕೂತುಬಿಡುವ ಊರಿನಲ್ಲಿ ಇಡೀ ಮನೆ ಅದರ ಬೆನ್ನಿಗೆ ಆತುಕೊಂಡು ಬದುಕುತ್ತದೆ. ಹಾಗಾಗಿ ಒಲೆ ಕಟ್ಟಿದವನೇ ಅದಕ್ಕೆ ಮೊದಲ ಬೆಂಕಿ ಹಚ್ಚಬೇಕು. ನೆರೆಹೊರೆಯವರೆಲ್ಲ ನೋಡುತ್ತಿರುವಾಗ ಕಡ್ಡಿ ಗೀರಿ, "ಇದಕ್ಕೆ ನನ್ನ ಕೈ ಹೊಣೆ" ಎನ್ನಬೇಕು. ಆ ಮಾತು ಬರುವವರೆಗೆ ಮನೆಯೊಡತಿ ಒಲೆಯ ಮೇಲೆ ಪಾತ್ರೆ ಇಡುವುದಿಲ್ಲ. ಕಾಗದ ಪತ್ರ ಏನೂ ಇಲ್ಲ, ಆ ನಾಲ್ಕು ಮಾತೇ ಕಾಗದ. ಇಪ್ಪತ್ಮೂರು ವರ್ಷದ ಹಿಂದೆ ಆ ಮನೆಯಲ್ಲಿ ನಿಕೋದೆಮಾಸ್ ಅದನ್ನು ಹೇಳಿದ್ದ. ಹೇಳುವಾಗಲೇ ಅದು ನಿಜವಲ್ಲ ಎಂದು ಅವನಿಗೆ ಗೊತ್ತಿತ್ತು.

ಆಗ ಆದದ್ದು ಇಷ್ಟು. ಅಟ್ಟದ ತೊಲೆಯೊಂದು ನೇರವಾಗಿ ಹೊಗೆಗೂಡಿಗೆ ಅಡ್ಡ ಬಂತು. ಮರಕ್ಕೂ ಹೊಗೆ ಹಾದಿಗೂ ನಡುವೆ ಒಂದು ಗೇಣಾದರೂ ಇಟ್ಟಿಗೆ ಇರಬೇಕು, ಇದು ಕಲಿಯುವವನಿಗೆ ಮೊದಲ ದಿನ ಹೇಳಿಕೊಡುವ ಪಾಠ. ಬಡಗಿಯನ್ನು ಕರೆಸಿ ತೊಲೆ ಕತ್ತರಿಸಿ ಅಡ್ಡಪಟ್ಟಿ ಕೂಡಿಸಬೇಕಿತ್ತು. ಬಡಗಿ ಫೆಲಿಕ್ಸಾಸ್ ಆಲೂಗಡ್ಡೆ ಅಗೆಯಲು ಮಾವನ ಮನೆಗೆ ಹೋಗಿದ್ದ. ಹಿಮ ಬೀಳುವುದಕ್ಕೆ ಹದಿನೈದು ದಿನ ಉಳಿದಿತ್ತು, ಇನ್ನೂ ಎರಡು ಮನೆಯವರು ಒಲೆಯಿಲ್ಲದೆ ಕಾಯುತ್ತಿದ್ದರು. ನಿಕೋದೆಮಾಸ್ ತೊಲೆಯ ತುದಿಯನ್ನು ಹಾಗೇ ಗೋಡೆಯೊಳಗೆ ಬಿಟ್ಟು, ಮೇಲೆ ಎರಡು ಬೆರಳು ದಪ್ಪ ಜೇಡಿಮಣ್ಣು ಮೆತ್ತಿ, ಇಟ್ಟಿಗೆ ಮುಚ್ಚಿದ. ಕಣ್ಣಿಗೆ ಕಾಣುವ ಕಡೆ ಕೆಲಸ ಅಚ್ಚುಕಟ್ಟಾಗಿತ್ತು.

ಮರ ಹನ್ನೆರಡು ವರ್ಷ ಒಳಗೊಳಗೇ ಒಣಗಿ, ಕಪ್ಪಾಗಿ, ಫೆಬ್ರವರಿಯ ಒಂದು ನಸುಕಿನಲ್ಲಿ ಹೊತ್ತಿಕೊಂಡಿತು. ಅಡುಗೆಮನೆ ಮತ್ತು ಅರ್ಧ ಮಾಡು ಸುಟ್ಟುಹೋಯಿತು. ಸಂತ ಅಗಾತಾಳ ಹಬ್ಬ ಕಳೆದು ಎರಡು ದಿನವಾಗಿತ್ತಷ್ಟೆ. ಬೆಂಕಿಯಿಂದ ಮನೆ ಕಾಯಲೆಂದು ಇಗರ್ಜಿಯಲ್ಲಿ ಮಂತ್ರಿಸಿ ತಂದ ಬ್ರೆಡ್ಡು ಆ ಮನೆಯ ಕಪಾಟಿನಲ್ಲೂ ಇತ್ತು. ಅಗಾತಾಳ ಬ್ರೆಡ್ಡಿರುವ ಮನೆ ಸುಮ್ಮಸುಮ್ಮನೆ ಸುಡುವುದುಂಟೆ? ಯಾರದೋ ಕೈ ತಪ್ಪಿರಬೇಕು. ಊರು ಆ ಕೈ ಯಾವುದೆಂದು ಹುಡುಕುತ್ತಿತ್ತು.

ನಿಕೋದೆಮಾಸ್ ಏಣಿಯ ಮೇಲೆ ನಿಂತು ನೀರೆರಚಿದವನು. ಉರಿ ಎದ್ದದ್ದು ಹೊಗೆಗೂಡಿನ ಸುತ್ತ ಎಂದು ಅವನ ಕಣ್ಣೇ ಕಂಡಿತ್ತು. ಅಗ್ನಿಶಾಮಕದ ಅಧಿಕಾರಿ ಬಂದು, "ಹೊಗೆಗೂಡು ಕಟ್ಟಿದ್ದು ಯಾರು? ಸರಿ ಇತ್ತಾ?" ಎಂದು ಕೇಳಿದಾಗ ಹಿಮದಲ್ಲಿ ನಿಂತಿದ್ದ ಊರೆಲ್ಲ ಅವನತ್ತ ತಿರುಗಿತು.

"ನನ್ನ ಹೊಗೆಗೂಡಿಗೆ ಏನೂ ಆಗಿಲ್ಲ," ಎಂದ ನಿಕೋದೆಮಾಸ್. "ಬೂದಿ ಎಲ್ಲಿಟ್ಟಿದ್ರು ಕೇಳಿ."

ಬೂದಿಯ ಬಕೆಟ್ಟು ಜಗಲಿಯ ಹಲಗೆಯ ಮೇಲಿತ್ತು. ಇಟ್ಟವಳು ಒತಿಲಿಯಾ. ಬೂದಿ ತಣ್ಣಗಾಗಿತ್ತು, ಬೆರಳಿಟ್ಟು ನೋಡಿದ್ದೆ ಎಂದು ಅವಳು ಹೇಳುತ್ತಲೇ ಇದ್ದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡ ಕಾಡಿನ ಕೆಲಸದಲ್ಲಿ ಮರ ಬಿದ್ದು ಸತ್ತ ಮೇಲೆ ಆ ಮನೆಯಲ್ಲಿ ಅವಳೂ ಅತ್ತೆ ಅಪೊಲೊನಿಯಾಳೂ ಇಬ್ಬರೇ ಇದ್ದರು. ಅತ್ತೆ ನೆರೆಮನೆಯ ಬ್ರೊನೆಯ ಹಿಂದಿನ ಕೋಣೆ ಸೇರಿದಳು. ಸೊಸೆ ಅಲೀತುಸ್‌ನಲ್ಲಿ ಆಸ್ಪತ್ರೆಯ ಅಡುಗೆಮನೆಗೆ ಸೇರಿ, ತಿಂಗಳಿಗೊಂದು ಭಾನುವಾರ ಕಿತ್ತಳೆ ಹಿಡಿದು ಬರುತ್ತಿದ್ದಳು. ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದಳು. ಆರು ವರ್ಷ ಹೀಗೇ ನಡೆದು, ಒಂದು ಮಾತೂ ಆಡದೆ ಮುದುಕಿ ಸತ್ತಳು. ಅದಾಗಿ ಐದು ವರ್ಷಕ್ಕೆ, ಅರವತ್ತು ತುಂಬಿ ಕೆಲಸ ಬಿಟ್ಟ ಒತಿಲಿಯಾ ಸುಟ್ಟ ಮನೆಗೆ ವಾಪಸ್ಸು ಬಂದಿದ್ದಳು.

ಸೋಮವಾರ ನಿಕೋದೆಮಾಸ್ ಹೋದಾಗ ಅವಳು ಅಡುಗೆಮನೆಯ ಕರಕಲು ದಿಮ್ಮಿಗಳನ್ನು ಹಳೇ ಚಾಕುವಿನಿಂದ ಹೆರೆಯುತ್ತಿದ್ದಳು. ಹನ್ನೊಂದು ವರ್ಷ ಬಿಸಿಲು ಮಳೆ ಕುಡಿದ ನೆಲದಲ್ಲಿ ಮಾಡಿನ ತೂತಿನತ್ತ ಕೈ ಚಾಚಿಕೊಂಡು ಒಂದು ಬರ್ಚ್ ಗಿಡ ಬೆಳೆದಿತ್ತು. ಮಸಿಯಲ್ಲಿ ಮುಳುಗಿದ ಮುಖದಲ್ಲಿ ಅವಳ ಹಲ್ಲು ಮಾತ್ರ ಕಾಣುತ್ತಿತ್ತು.

"ಮದುವೆ ದಿನಾನೂ ನಾನು ಇಷ್ಟು ಬಳ್ಕೊಂಡಿರ್ಲಿಲ್ಲ ಮೇಸ್ತ್ರಿ," ಎಂದಳು. "ಬನ್ನಿ, ಮೊದಲು ಏನಾದ್ರೂ ತಿನ್ನಿ."

"ಆಮೇಲೆ. ನೀನು ಹೋಗಿ ನದಿ ದಂಡೆಯಿಂದ ಮರಳು ತಾ. ಎರಡು ಗಾಡಿ ಬೇಕು."

ಒಂದೇ ಗಾಡಿ ಸಾಕಿತ್ತು. ಅವಳು ಕೈಗಾಡಿ ತಳ್ಳಿಕೊಂಡು ಕಣ್ಮರೆಯಾಗುವವರೆಗೆ ಕಾದು, ಏದುಸಿರು ಬಿಡುತ್ತಾ ಅಟ್ಟ ಹತ್ತಿ ಇಟ್ಟಿಗೆ ಕೀಳತೊಡಗಿದ. ನಾಲ್ಕನೆಯ ವರಸೆಯ ಹಿಂದೆ ಅದು ಸಿಕ್ಕಿತು. ತೊಲೆಯ ತುದಿ ಹೊಗೆ ಹಾದಿಯ ಕಡೆಯಿಂದ ಟೊಳ್ಳಾಗಿ, ಹುಳುಕು ಹಲ್ಲಿನ ಹಾಗೆ ಒಳಗಿನಿಂದ ತಿಂದುಹೋಗಿತ್ತು. ನೋಡಿದ ಯಾವ ಮೇಸ್ತ್ರಿಗೂ ಅದರ ಕಥೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅಲ್ಲಿಯವರೆಗೆ ಅವನ ಮನಸ್ಸಿನ ಮೂಲೆಯಲ್ಲಿ ಒಂದು ಸಣ್ಣ ಆಸೆ ಇತ್ತು, ಬೂದಿಯೇ ಇದ್ದರೂ ಇರಬಹುದು ಎಂದು. ಅದೂ ಹೋಯಿತು. ಗರಗಸ ಹಿಡಿದು ಒಂದು ಮೊಳ ಕೊಯ್ದು, ಸಾಮಾನಿನ ಚೀಲದಲ್ಲಿ ತುರುಕಿ, ಮೇಲೆ ಕರಣೆ ಹೇರಿದ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕಳ್ಳನ ಹಾಗೆ ಚೀಲದ ಬಾಯಿ ಬಿಗಿಯುತ್ತಿದ್ದ ತನ್ನ ಮೇಲೇ ಅವನಿಗೆ ಹೇಸಿಗೆಯಾಯಿತು.

ಮನೆಗೆ ಹೋಗಿ ಸುಟ್ಟುಹಾಕುತ್ತೇನೆ ಎಂದುಕೊಂಡಿದ್ದ. ಎರಡು ಸಲ ತನ್ನ ಒಲೆಯ ಬಾಯಿಯವರೆಗೆ ತಂದ. ಎರಡು ಸಲವೂ ಕೈ ಬರಲಿಲ್ಲ. ಸೌದೆ ರಾಶಿಯ ಹಿಂದೆ ಗೋಣಿಚೀಲದಲ್ಲಿ ಸುತ್ತಿಟ್ಟ.

ಮಾರನೆಯ ದಿನ ಅಡ್ಡಪಟ್ಟಿ ಕೂಡಿಸಲು ಬಂದ ಬಡಗಿ ಫೆಲಿಕ್ಸಾಸ್, ಬ್ರೊನೆಯ ಗಂಡ, ತೊಲೆಯನ್ನು ನೋಡಿ ತಲೆ ಕೆರೆದುಕೊಂಡ. "ಇದ್ಯಾಕೆ ಇಷ್ಟು ಗಿಡ್ಡ ಇದೆ? ಹೊಸದಾಗಿ ಕೊಯ್ದ ಹಾಗಿದೆ."

"ಕೊಳೆತಿತ್ತು. ಕೊಯ್ದು ಬಿಸಾಕಿದೆ."

"ಈ ವಯಸ್ಸಲ್ಲಿ ಗರಗಸ ಹಿಡಿದ್ರಾ? ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಮೇಸ್ತ್ರಿ," ಎಂದು ಫೆಲಿಕ್ಸಾಸ್ ನಕ್ಕ. ನಿಕೋದೆಮಾಸ್ ನಗಲಿಲ್ಲ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳನ್ನು ಊರುಗೋಲಾಗಿ ಕೊಟ್ಟು ನಿಲ್ಲಿಸುವ ಕೆಲಸ ಹನ್ನೊಂದು ವರ್ಷವಾದರೂ ಮುಗಿದಿರಲಿಲ್ಲ.

ಒಲೆಯನ್ನು ಮಾತ್ರ ಅವನು ಜೀವಮಾನದಲ್ಲಿ ಕಟ್ಟದ ಹಾಗೆ ಕಟ್ಟಿದ. ಅಟ್ಟ ದಾಟುವ ಕಡೆ ಒಂದೂವರೆ ಗೇಣು ಇಟ್ಟಿಗೆ ಇಟ್ಟ, ಪ್ರತಿ ಸಂದನ್ನೂ ಬೆರಳಿನಿಂದ ಸವರಿ ನೋಡಿದ. ಒತಿಲಿಯಾ ಮಧ್ಯಾಹ್ನಕ್ಕೆ ತಣ್ಣನೆಯ ಬೀಟ್‌ರೂಟ್ ಸಾರು, ಮೇಲೆ ಸಬ್ಬಸಿಗೆ, ಜೊತೆಗೆ ಬಿಸಿ ಆಲೂಗಡ್ಡೆ ಇಡುತ್ತಿದ್ದಳು. ಅಂಗಳದಲ್ಲಿ ಮೂರು ಕಲ್ಲಿಟ್ಟು ಆಲೂಗಡ್ಡೆ ದೋಸೆ ಹುಯ್ದು, ಗರಿಯಾದದ್ದನ್ನು ಆರಿಸಿ ಅವನ ತಟ್ಟೆಗೇ ಹಾಕುತ್ತಿದ್ದಳು. ಅವಳು ಬಡಿಸಿದಷ್ಟೂ ಅವನು ತಟ್ಟೆಯಲ್ಲೇ ಬಿಡುತ್ತಿದ್ದ. "ರುಚಿಯಿಲ್ವಾ ಮೇಸ್ತ್ರಿ? ಆಸ್ಪತ್ರೇಲಿ ಉಪ್ಪಿಲ್ದೆ ಮಾಡಿ ಮಾಡಿ ನನ್ನ ಕೈ ಸಪ್ಪೆಯಾಗಿದೆ," ಎಂದು ಅವಳೇ ತಪ್ಪು ಹೊತ್ತುಕೊಳ್ಳುತ್ತಿದ್ದಳು. ತಪ್ಪು ಹೊರುವುದು ಅವಳಿಗೆ ಅಷ್ಟು ರೂಢಿಯಾಗಿಬಿಟ್ಟಿತ್ತು.

ಒಂಬತ್ತನೆಯ ದಿನ ಅವಳು ಇಟ್ಟಿಗೆ ಎತ್ತಿ ಕೊಡುತ್ತಾ ಕೇಳಿದಳು, "ಬೂದಿ ಎಷ್ಟು ಹೊತ್ತು ಬಿಸಿ ಇರುತ್ತೆ ಮೇಸ್ತ್ರಿ?"

ಅವನ ಕರಣೆ ನಿಂತಿತು. "ಒಂದೊಂದ್ಸಲ ಎರಡು ದಿನ."

"ನಾನು ಬೆರಳಿಟ್ಟು ನೋಡಿದ್ದೆ. ತಣ್ಣಗಿತ್ತು ಅಂತ ಮೊದ್ಲು ಚೆನ್ನಾಗಿ ನೆನಪಿತ್ತು. ಈಗ ನೆನಪು ಮಾಡ್ಕೊಂಡ್ರೆ ಬೆಚ್ಚಗೆ ಬರುತ್ತೆ. ಕೆಳಗೆ ಒಂದು ಕೆಂಡಾನೂ ಕಾಣುತ್ತೆ." ಅವಳು ಕೈಯಲ್ಲಿದ್ದ ಇಟ್ಟಿಗೆಯ ಧೂಳನ್ನು ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿನಿಂದ ಒರೆಸಿದಳು. "ಊರೆಲ್ಲ ಹೇಳಿದ್ಮೇಲೆ ನಿಜಾನೇ ಇರ್ಬೇಕು. ಹೋದ ಈಸ್ಟರ್‌ಗೆ ಪಾದ್ರಿ ಹತ್ರ ತಪ್ಪೊಪ್ಕೊಂಡೆ. ನಾನೇ ಸುಟ್ಟೆ, ಆಮೇಲೆ ಇಲ್ಲ ಅಂತ ಸುಳ್ಳೂ ಹೇಳ್ದೆ ಅಂತ. ಕ್ಷಮೆ ಸಿಕ್ತು ಅಂದ್ರು. ಅತ್ತೆ ಹತ್ರ ಹೇಳೋಕೆ ಮಾತ್ರ ಆಗ್ಲಿಲ್ಲ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವನಿಗೆ. ಅವಳ ಮನೆ ಹೋಗಿತ್ತು, ಹೆಸರು ಹೋಗಿತ್ತು, ಅಷ್ಟೇ ಎಂದು ಅವನು ಲೆಕ್ಕ ಹಾಕಿದ್ದ. ಅವಳ ಬೆರಳು ಮುಟ್ಟಿ ತಿಳಿದ ನಿಜವನ್ನೂ ತಾನು ಕಿತ್ತುಕೊಂಡಿದ್ದೇನೆ ಎಂದು ಅವನಿಗೆ ಗೊತ್ತಿರಲಿಲ್ಲ. ಈಗಲೇ ಹೇಳಬೇಕು ಎಂದು ಬಾಯಿ ತೆರೆದ.

"ಜೇಡಿ ಒಣಗ್ತಿದೆ," ಎಂದ. "ಒಂದು ಬಕೆಟ್ ನೀರು ತಾ."

ಸೆಪ್ಟೆಂಬರಿನ ಕೊನೆಯ ಶನಿವಾರ ಮುಯ್ಯಾಳು ಕೂಡಿತು. ಹದಿನಾಲ್ಕು ಮಂದಿ ಬೆಳಿಗ್ಗೆ ಬೆಳಿಗ್ಗೆಯೇ ಬಂದು, ಮಾಡಿಗೆ ಹಲಗೆ ಹೊಡೆದು, ದಿಮ್ಮಿಗಳ ಸಂದಿಗೆ ಪಾಚಿ ತುಂಬಿ, ಅಂಗಳದ ತುರಿಕೆ ಗಿಡ ಸವರಿದರು. ಸುಟ್ಟ ದಿನ ನೀರು ಹೊತ್ತವರೂ ಇವರೇ, ಆಮೇಲೆ ಮಾತು ಹೊತ್ತವರೂ ಇವರೇ. ಮೂರು ಗಂಟೆಗೆ ಕೆಲಸ ಮುಗಿದು, ಕೈ ತೊಳೆದು, ಎಲ್ಲರೂ ಹೊಸ ಒಲೆಯ ಮುಂದೆ ನಿಂತರು. ಮೇಜಿನ ಮೇಲೆ ಹೊಗೆಯಲ್ಲಿ ಒಣಗಿಸಿದ ಮಾಂಸ, ಚೀಸು, ಸೌತೆಕಾಯಿ, ಜೇನು ಇತ್ತು. ಮೇಸ್ತ್ರಿ ಬೆಂಕಿ ಹಚ್ಚದೆ ಯಾರೂ ಮುಟ್ಟುವ ಹಾಗಿಲ್ಲ.

ಆಗ ಬ್ರೊನೆ ಮುಂದೆ ಬಂದಳು. ಸುಮಾರು ಒತಿಲಿಯಾಳ ವಯಸ್ಸಿನವಳೇ, ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಊರವರ ಪರವಾಗಿ ಉಡುಗೊರೆ ತಂದಿದ್ದಳು. ಮುಚ್ಚಳವಿರುವ ಹೊಚ್ಚ ಹೊಸ ತಗಡಿನ ಬಕೆಟ್ಟು, ಹಿಡಿಗೆ ಕೆಂಪು ರಿಬ್ಬನ್ನು ಕಟ್ಟಿತ್ತು.

"ಬೂದಿಗೆ," ಎಂದಳು. "ಮುಚ್ಚಳ ಬಿಗಿ ಇದೆ ಕಣೇ. ಈ ಸಲ ನೀನು ಬಯಸಿದ್ರೂ ಮನೆ ಸುಡಲ್ಲ."

ಎಲ್ಲರೂ ನಕ್ಕರು. ಕೆಡುಕಿನ ನಗು ಅಲ್ಲ, ಹಳೆಯದನ್ನು ಮರೆತಿದ್ದೇವೆ ಎಂದು ತೋರಿಸುವ ನಗು. ಒತಿಲಿಯಾಳೂ ನಕ್ಕಳು. ಕಿವಿಯವರೆಗೆ ಕೆಂಪಾಗಿ, ಬಕೆಟ್ಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು, "ದೇವರು ಒಳ್ಳೇದು ಮಾಡ್ಲಿ, ಇನ್ನು ಹುಷಾರಾಗಿರ್ತೀನಿ" ಎಂದಳು. ಆಮೇಲೆ ಬೆಂಕಿಪೊಟ್ಟಣವನ್ನು ನಿಕೋದೆಮಾಸನ ಕೈಗೆ ಕೊಟ್ಟಳು.

ಅವನು ಕಡ್ಡಿ ತೆಗೆದ. ಗೀರಲಿಲ್ಲ.

"ಹೇಳಿ ಮೇಸ್ತ್ರಿ, ಹೊಟ್ಟೆ ಚುರುಗುಡ್ತಿದೆ," ಎಂದ ಫೆಲಿಕ್ಸಾಸ್.

"ಹೋದ ಸಲ ಇಲ್ಲೇ ನಿಂತು ಹೇಳಿದ್ದೆ, ಇದಕ್ಕೆ ನನ್ನ ಕೈ ಹೊಣೆ ಅಂತ," ಎಂದ ನಿಕೋದೆಮಾಸ್. ದನಿ ಅವನದೇ ಎಂದು ಅವನಿಗನ್ನಿಸಲಿಲ್ಲ. "ಮನೆ ಸುಟ್ಟಿದ್ದು ಬೂದಿಯಿಂದ ಅಲ್ಲ. ತೊಲೆ ಹೊಗೆಗೂಡಿನ ಒಳಗೇ ಬಿಟ್ಟಿದ್ದೆ. ಫೆಲಿಕ್ಸಾಸ್ ಊರಲ್ಲಿರಲಿಲ್ಲ, ನಂಗೆ ಅವಸರ ಇತ್ತು. ಕೊಳೆತಿತ್ತು ಅಂದ್ನಲ್ಲ, ಕೊಳೆತಿರಲಿಲ್ಲ, ಸುಟ್ಟಿತ್ತು. ತುದಿ ನಮ್ಮನೆ ಸೌದೆ ಹಿಂದೆ ಇದೆ, ಹೋಗಿ ನೋಡ್ಬೋದು. ಇವಳ ಬೂದಿ ತಣ್ಣಗೇ ಇತ್ತು."

ಕೆಲವರು ಕಿಟಕಿಯಾಚೆ ನೋಡಿದರು. ಅವನು ಬೈಗುಳಕ್ಕೆ ಕಾದು ನಿಂತಿದ್ದ, ಆದರೆ ಅವರ ಮುಖಗಳಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಇದನ್ನು ಈಗ ಯಾಕೆ ತೆಗೆದ ಎಂಬ ಕಿರಿಕಿರಿ ಇತ್ತು. ಇವನ ಮಾತು ನಿಜವಾದರೆ ತಮ್ಮ ಹನ್ನೊಂದು ವರ್ಷದ ಮಾತೆಲ್ಲ ಏನಾಯಿತು? ಬಕೆಟ್ಟಿನ ರಿಬ್ಬನ್ನನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವಳು ಬ್ರೊನೆ.

"ಅತ್ತೆ ಬದುಕಿದ್ದಾಗ ನಿಮಗೆ ಗೊತ್ತಿತ್ತಾ?" ಒತಿಲಿಯಾ ಕೇಳಿದ್ದು ಅಷ್ಟೇ.

"ಗೊತ್ತಿತ್ತು."

"ಗೊತ್ತಿದ್ರೂ ಏನು ಬಂತು," ಬ್ರೊನೆ ಅವಸರವಾಗಿ ನಡುವೆ ಬಾಯಿ ಹಾಕಿದಳು. "ಆ ಮುದುಕಿ ಹಠಮಾರಿ. ನೀವು ಹೇಳಿದ್ರೂ ಕೇಳ್ತಿರಲಿಲ್ಲ ಮೇಸ್ತ್ರಿ. ಆರು ವರ್ಷ ನಮ್ಮನೇಲಿದ್ಲು, ಒಂದಿನಾನಾದ್ರೂ ಇವಳ ಹೆಸರೆತ್ತಿದ್ರೆ ಕೇಳಿ. ಆಗಿದ್ದು ಆಯ್ತು. ಹಚ್ಚಿ, ಊಟ ಮಾಡಣ."

ನಿಕೋದೆಮಾಸನಿಗೆ ಒಂದು ಬಾಗಿಲು ತೆರೆದುಕೊಟ್ಟಿದ್ದಳು ಬ್ರೊನೆ. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಮುದುಕಿಯ ಹಠವೇ ಎಲ್ಲಕ್ಕೂ ಕಾರಣ ಎಂದಾಗುತ್ತಿತ್ತು, ಅವನ ಪಾಲಿಗೆ ಉಳಿಯುತ್ತಿದ್ದುದು ಕೆಲಸದ ಒಂದು ತಪ್ಪು ಮಾತ್ರ. ಸತ್ತವಳು ಎದ್ದು ಬಂದು ಅಲ್ಲ ಎನ್ನುತ್ತಿರಲಿಲ್ಲ.

"ಎತ್ತಿದ್ಲು," ಎಂದ. "ನಮ್ಮನೆಗೆ ಬಂದಿದ್ಲು."

ಒತಿಲಿಯಾ ಬಕೆಟ್ಟನ್ನು ನೆಲದ ಮೇಲಿಟ್ಟಳು. "ಯಾವಾಗ?"

"ಸಾಯೋಕೆ ಮುಂಚಿನ ಅಕ್ಟೋಬರ್‌ನಲ್ಲಿ. ಕಾಡು ದಾರಿ ಹಿಡ್ಕೊಂಡು ಕೋಲೂರಿ ಬಂದ್ಲು. ಬಾಗಿಲ ಹತ್ರ ನಿಂತ್ಲು, ಕೂತ್ಕೋ ಅಂದ್ರೂ ಕೂರ್ಲಿಲ್ಲ. ನಿಕೋದೆಮಾಸ್, ನಿಜ ಹೇಳು, ಬೂದಿನಾ ಹೊಗೆಗೂಡಾ ಅಂದ್ಲು. ಮನೆ ಸುಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲ, ಒತಿಲಿಯಾ ಸುಳ್ಳು ಹೇಳಿದ್ಲಲ್ಲ, ಅದು ಸಹಿಸಕ್ಕಾಗಲ್ಲ ಅಂದ್ಲು. ಅವಳು ಹೇಳಿದ್ದೇ ನಿಜ ಆಗಿದ್ರೆ ನಾಳೆ ಬಸ್ಸಿಗೆ ಹೋಗಿ ಕರ್ಕೊಂಡು ಬರ್ತೀನಿ ಅಂದ್ಲು. ಕೈಯಲ್ಲಿ ಬುಟ್ಟಿ ಇತ್ತು. ಪಟ್ಟಣಕ್ಕೆ ಒಯ್ಯೋಕೆ ಅಂತ ಸೇಬು ತುಂಬ್ಕೊಂಡಿದ್ಲು."

"ನೀವೇನಂದ್ರಿ?"

"ಬೂದಿನೇ ಅಂದೆ."

ಹೇಳಿದ ಮೇಲೆ ಅವನಿಗೆ ತಲೆ ಎತ್ತಲಾಗಲಿಲ್ಲ. ಅವಳ ಬೂಟಿನ ತುದಿಗೆ ಅಂಟಿದ್ದ ಜೇಡಿಮಣ್ಣನ್ನೇ ನೋಡುತ್ತಾ ನಿಂತ. ಈಗ ಅವಳು ಮುಖಕ್ಕೆ ಉಗಿಯಲಿ, ಹೊರಗೆ ಹೋಗು ಎನ್ನಲಿ, ಎರಡೂ ಅವನಿಗೆ ಬೇಕಾಗಿತ್ತು.

"ಸೇಬು ಏನಾಯ್ತು?" ಎಂದಳು ಒತಿಲಿಯಾ.

"ಹಾಗಾದ್ರೆ ಇವು ನೀನೇ ಇಟ್ಕೋ ಅಂತ ಮೇಜಿನ ಮೇಲಿಟ್ಟು ಹೋದ್ಲು."

"ತಿಂದ್ರಾ?"

"ತಿಂದೆ."

"ಹುಳಿ ಇದ್ವಾ? ಸಣ್ಣವು, ಒಂದು ಕೆನ್ನೆ ಮಾತ್ರ ಕೆಂಪಗಿರೋವು?"

"ಹೂಂ. ಬಾಯಿಗಿಡಕ್ಕಾಗದಷ್ಟು ಹುಳಿ."

"ಬಾವಿ ಹತ್ರದ ಮರದ್ದು," ಎಂದಳು ಅವಳು. "ಆ ಮರದ್ದನ್ನ ಮನೇಲಿ ಬೇರೆ ಯಾರೂ ತಿಂತಿರ್ಲಿಲ್ಲ. ನಾನೊಬ್ಳೇ ತಿಂತಿದ್ದೆ." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಧೂಳು ಕೂತ ಕೆನ್ನೆಯ ಮೇಲೆ ಎರಡು ದಾರಿ ಮಾಡಿಕೊಂಡು. ಮುಖ ಮಾತ್ರ ಅಳುವವರ ಮುಖದ ಹಾಗಿರಲಿಲ್ಲ. ಅವನು ಅವಳನ್ನು ನೋಡಿ, ಇವಳಿಗೆ ಸಂತೋಷವಾಗುತ್ತಿದೆ ಎಂದು ಅರ್ಥ ಮಾಡಿಕೊಂಡ. ಇಷ್ಟು ದಿನ ಅವಳ ಉಪ್ಪು ತಿಂದಾಗಲೂ ಅವನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ಅವಳು ಒಂದು ಕುರ್ಚಿ ಎಳೆದು ಅವನ ಮುಂದಿಟ್ಟಳು. ಇನ್ನೊಂದರ ಮೇಲೆ ತಾನು ಕುಳಿತಳು. ಹದಿನಾಲ್ಕು ಮಂದಿ ಹಸಿದುಕೊಂಡು ನಿಂತಿರುವುದು ಅವಳಿಗೆ ನೆನಪಿದ್ದಂತೆ ಕಾಣಲಿಲ್ಲ.

"ಇನ್ನೊಂದ್ಸಲ ಹೇಳಿ," ಎಂದಳು. "ಮೊದಲಿಂದ. ಏನು ಉಟ್ಟಿದ್ಲು, ಹೇಗೆ ನಿಂತಿದ್ಲು, ನನ್ನ ಹೆಸರು ಹೇಗೆ ಕರೆದ್ಲು, ಎಲ್ಲ ಹೇಳಿ."

ನಿಕೋದೆಮಾಸ್ ಕೂತ. ತಲೆಗೆ ಕಂದು ವಸ್ತ್ರ ಕಟ್ಟಿದ್ಲು, ಕೋಲು ಎಡಗೈಯಲ್ಲಿತ್ತು ಎಂದು ಶುರು ಮಾಡಿದ. ಕೊನೆಗೆ ತಾನು ಹೇಳಬೇಕಾದ ಮಾತು ಯಾವುದೆಂದು ಗೊತ್ತಿದ್ದೂ, ಅವಳಿಗಾಗಿ ಒಂದನ್ನೂ ಬಿಡದೆ, ನಿಧಾನವಾಗಿ ಹೇಳುತ್ತಾ ಹೋದ.